ನೋಡದೆ ಚಾಚಿದ ಕೈ

ಪತ್ರಿಕೆಯ ಹಿಂದಿನಿಂದ ಕೈ ಬಂದದ್ದು, ಅದರೊಳಗೆ ತಾನು ನೀರಿನ ಲೋಟ ಇಟ್ಟದ್ದು, ಆ ಕೈ ಲೋಟದ ಸಮೇತ ಮತ್ತೆ ಪತ್ರಿಕೆಯ ಹಿಂದಕ್ಕೆ ಸರಿದುಹೋದದ್ದು, ಎಲ್ಲ ಮುಗಿದ ಮೇಲೆಯೇ ಅವಳಿಗೆ ಗೊತ್ತಾಯಿತು. ಅಷ್ಟು ಹೊತ್ತೂ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ, ಇವತ್ತು ಶೂಟಿಂಗಿನಲ್ಲಿ ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು: 'ಲೋ, ಒಂದು ಲೋಟ ನೀರು ತರೋಕೆ ಇಷ್ಟು ಹೊತ್ತೇನೋ? ದಿನಪೂರ್ತಿ ಮನೇಲಿ ಕೂತು ಏನು ಕಡಿದು ಕಟ್ಟೆ ಹಾಕ್ದೆ?' ಒಂದು ಸಲ ಹಲ್ಲು ಕಚ್ಚಿ ಹೇಳಿದಳು, ಒಂದು ಸಲ ಕಣ್ಣು ಕೆಕ್ಕರಿಸಿ, ಇನ್ನೊಂದು ಸಲ ಸೊಂಟದ ಮೇಲೆ ಕೈಯಿಟ್ಟು. ಹೇಗೆ ಹೇಳಿದರೂ ಮಾತು ಬೇರೆಯವರ ಚಪ್ಪಲಿಯ ಹಾಗೆ ಕಾಲಿಗೆ ಕೂರುತ್ತಿರಲಿಲ್ಲ. ಅದರ ನಡುವೆ ಯಾವಾಗ ಲೋಟ ತುಂಬಿಸಿದಳು, ಯಾವಾಗ ನಡೆದುಹೋಗಿ ಅಪ್ಪನ ಅಂಗೈಯಲ್ಲಿ ಇಟ್ಟು ಬಂದಳು, ನೆನಪೇ ಇಲ್ಲ. ಪತ್ರಿಕೆಯ ಆಚೆ ಗಂಟಲಿನಲ್ಲಿ ನೀರಿಳಿಯುವ ಸದ್ದು ಕೇಳಿಸಿತು. ಆಮೇಲೆ ಕೈ ಮತ್ತೆ ಹೊರಬಂತು, ಖಾಲಿ ಲೋಟ ಹಿಡಿದು. ಗಾಳಿಯಲ್ಲಿ ಬಿಟ್ಟರೂ ಅದು ಕೆಳಗೆ ಬೀಳುವುದಿಲ್ಲ ಎಂಬ ನಂಬಿಕೆ ಆ ಬೆರಳುಗಳಿಗಿತ್ತು. ಬೀಳಲಿಲ್ಲ. ಅವಳು ಹಿಡಿದುಕೊಂಡಿದ್ದಳು.

ಇವತ್ತು ಯಾವ ಪಾತ್ರ ಎಂದು ಅಪ್ಪ ಕೇಳಿದರು. ಅದೇ ಅಪ್ಪ, ಮೊನ್ನೆ ಹೇಳಿದ್ನಲ್ಲ, ಎಲ್ಲ ಉಲ್ಟಾ ಇರೋ ಸಿನಿಮಾ, ಹೆಂಗಸರು ಆಫೀಸಿಗೆ ಹೋಗಿ ಯಜಮಾನಿಕೆ ಮಾಡ್ತಾರೆ, ಗಂಡಸರು ಮನೆ ನೋಡ್ಕೋತಾರೆ, ಎಂದಳು. ಅಪ್ಪ ಪತ್ರಿಕೆ ಕೆಳಗಿಳಿಸಿ ಯೋಚಿಸಿದರು. "ನಿನಗೆ ಮೀಸೆ ಅಂಟಿಸ್ತಾರಾ?" ಇಲ್ಲವೆಂದಾಗ ಅವರಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು. "ತಮಾಷೆಯಾಗಿರುತ್ತೆ ಬಿಡು," ಎಂದು, ಬಿಸಿಲು ಜೋರಿದೆ, ಕೊಡೆ ತಗೊಂಡು ಹೋಗು, ಹೊತ್ತಿಗೆ ಸರಿಯಾಗಿ ಊಟ ಮಾಡು ಎಂದು ಹೇಳಿ ಮತ್ತೆ ಪತ್ರಿಕೆ ಎತ್ತಿಕೊಂಡರು. ಅಪ್ಪ ಹಾಗೆಯೇ. ಯಾರ ಮೇಲೂ ದನಿ ಎತ್ತಿದವರಲ್ಲ. ಬೀದಿಯಲ್ಲಿ ನಾಯಿಗೆ ಕಲ್ಲು ಬಿದ್ದರೆ ಎರಡು ದಿನ ಊಟ ಸೇರುತ್ತಿರಲಿಲ್ಲ ಅವರಿಗೆ. ಅವಳು ಲೋಟ ತೊಳೆದು, ಅಮ್ಮ ಇಡುತ್ತಿದ್ದ ಜಾಗದಲ್ಲೇ, ಮೇಲಿನ ಕಪಾಟಿನ ಮೂಲೆಯಲ್ಲಿ ಬೋರಲು ಹಾಕಿದಳು. ಬೆನ್ನ ಹಿಂದೆ ಏನೋ ಬಿಟ್ಟು ಹೋಗುತ್ತಿದ್ದೇನೆ ಎನ್ನಿಸಿ ಎರಡು ಸಲ ಚೀಲ ತಡಕಿದಳು. ಕೊಡೆ ಇತ್ತು, ಸಂಭಾಷಣೆಯ ಹಾಳೆ ಇತ್ತು, ಏನೂ ಬಿಟ್ಟಿರಲಿಲ್ಲ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಅವಳನ್ನು ಓರೆಗಣ್ಣಿನಿಂದ ನೋಡಿ ನೋಡಿ, ಕೊನೆಗೆ ತಡೆಯಲಾರದೆ, "ನೀವು ಟ್ರೇ ತರೋರಲ್ವಾ?" ಎಂದು ಕೇಳಿದಳು. ಹೌದೆಂದು ನಕ್ಕಳು. ಇನ್ನೇನು ಹೇಳುವುದು. ತಲೆಗೂದಲು ಕಪ್ಪಾಗಿದ್ದಾಗಿನಿಂದ ಅವಳು ಟ್ರೇ ತರುತ್ತಲೇ ಇದ್ದಾಳೆ. ನಾಯಕನಿಗೆ ಅತ್ತಿಗೆಯಾಗಿ, ಆಮೇಲೆ ಅಮ್ಮನಾಗಿ, ಇತ್ತೀಚೆಗೆ ನಾಯಕಿಯ ಅತ್ತೆಯಾಗಿ. ದೊಡ್ಡವರು ಸೋಫಾದಲ್ಲಿ ಕೂತು ಮಾತಾಡುತ್ತಿರುತ್ತಾರೆ, ಅವಳು ಬಲಗಡೆಯಿಂದ ಬರುತ್ತಾಳೆ, ಟ್ರೇ ಇಡುತ್ತಾಳೆ, 'ತಗೊಳ್ಳಿ' ಎನ್ನುತ್ತಾಳೆ, ಎಡಗಡೆಗೆ ಹೋಗುತ್ತಾಳೆ. ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು 'ಟ್ರೇ ಅಕ್ಕ'. ಅದರಲ್ಲಿ ಕುಚೋದ್ಯವಿಲ್ಲ, ಪ್ರೀತಿಯೇ ಇದೆ, ಆದ್ದರಿಂದಲೇ ಅದಕ್ಕೆ ಸಿಟ್ಟು ಮಾಡಿಕೊಳ್ಳುವಂತೆಯೂ ಇಲ್ಲ. ಒಂದು ಸಲ ಊರೆಲ್ಲ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಅವಳ ಟ್ರೇ ಬಂದಿತ್ತು, ಅವಳು ಬಂದಿರಲಿಲ್ಲ. ನಾಯಕನ ಮುಖದ ಪಕ್ಕದಲ್ಲಿ ಎರಡು ಕಪ್ಪು, ಅವನ್ನು ಹಿಡಿದ ಹೆಬ್ಬೆರಳು. ಅಪ್ಪ ಆ ಹೆಬ್ಬೆರಳನ್ನು ಗುರುತಿಸಿ ಅಕ್ಕಪಕ್ಕದವರಿಗೆಲ್ಲ ತೋರಿಸಿದ್ದರು. ಈಗ, ಈ ವಯಸ್ಸಿನಲ್ಲಿ, ಮೊದಲ ಸಲ ಅವಳಿಗೆ ಕೂರುವ ಪಾತ್ರ ಸಿಕ್ಕಿದೆ. ಅವಳು ಕೂರುತ್ತಾಳೆ, ಬೇರೆಯವರು ತರುತ್ತಾರೆ. ಕಥೆ ಕೇಳಿದ ದಿನ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಆ ಸಿನಿಮಾದ ಊರಿನಲ್ಲಿ ಹೆಂಗಸರು ಬೀದಿ ಮೂಲೆಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ಹೋಗಿಬರುವ ಗಂಡಸರನ್ನು ಅಳೆಯುತ್ತಾರೆ, ಗಂಡಸರು ಚೀಲವನ್ನು ಎದೆಗವಚಿಕೊಂಡು ತಲೆ ತಗ್ಗಿಸಿ ದಾಟುತ್ತಾರೆ. ಕತ್ತಲಾದ ಮೇಲೆ ಬಂದ ದಪ್ಪ ಮೀಸೆಯ ಮಗನನ್ನು ತಾಯಿ ಬಾಗಿಲಲ್ಲೇ ನಿಲ್ಲಿಸಿ, 'ಗಂಡು ಹುಡುಗ, ಇಷ್ಟೊತ್ತಲ್ಲಿ ಒಬ್ಬನೇ ಎಲ್ಲಿ ತಿರುಗ್ತಿದ್ದೆ?' ಎಂದು ಕೇಳುತ್ತಾಳೆ. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂದಿತ್ತು. ಆ ನೀರು ನಗುವಿನದೇ ಎಂದು ಆ ದಿನ ಅಂದುಕೊಂಡಿದ್ದಳು.

ಇವತ್ತಿನದು ಮನೆಯ ಮೊದಲ ದೃಶ್ಯ. ಸಿನಿಮಾ ಕೊಳ್ಳುವವರು ನಾಳೆ ಬರುತ್ತಾರೆ, ಅವರಿಗೆ ತೋರಿಸುವುದು ಇದನ್ನೇ. ಇದು ಹೇಗೆ ಬರುತ್ತದೋ ಮನೆಯ ದೃಶ್ಯಗಳೆಲ್ಲ ಹಾಗೆಯೇ ಹೋಗುತ್ತವೆ ಎಂದು ನಿರ್ದೇಶಕ ಹೇಳಿದ್ದ. ಒಳ್ಳೆಯ ಹುಡುಗ, ಅವನಿಗಿದು ಮೊದಲ ಸಿನಿಮಾ, ಉಗುರೆಲ್ಲ ಕಚ್ಚಿ ಮುಗಿಸಿ ಈಗ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ. ಅವಳ ಗಂಡನ ಪಾತ್ರಕ್ಕೆ ಹಳೆಯ ಹಾಸ್ಯನಟ, ಎಲ್ಲರೂ 'ಮಾಮ' ಎಂದು ಕರೆಯುವವರು. ಪರದೆಯ ಮೇಲೆ ಬಂದು ಸುಮ್ಮನೆ ಕೆಮ್ಮಿದರೂ ಜನ ನಗುತ್ತಾರೆ. ಮಾಮ ಬೆಳಿಗ್ಗೆಯೇ ಬಂದು ಟವೆಲ್ಲನ್ನು ಹೆಗಲಿಂದ ಎದೆಯ ಮೇಲೆ ಇಳಿಬಿಟ್ಟುಕೊಳ್ಳುವುದು, ಅದು ಜಾರಿದಾಗ ಬೆಚ್ಚುವುದು, ಸೊಂಟ ಬಳುಕಿಸಿ ನಡೆಯುವುದು, ಎಲ್ಲವನ್ನೂ ಕನ್ನಡಿಯ ಮುಂದೆ ತೂಗಿ ನೋಡುತ್ತಿದ್ದರು. ಸೆಟ್ಟಿನಲ್ಲಿ ಹಲಗೆಯ ಗೋಡೆಗಳ ಮನೆ. ಒಂದು ಆರಾಮ ಕುರ್ಚಿ, ಗೋಡೆಗೆ ಓಡದ ಗಡಿಯಾರ, ಬಾಗಿಲಾಚೆ ಅಡುಗೆಮನೆ. ಅಡುಗೆಮನೆಯ ನಲ್ಲಿಗೆ ಕೊಳವೆಯಿರಲಿಲ್ಲ, ಗೋಡೆಗೆ ಅಂಟಿಸಿದ್ದರು. ಕಂಟಿನ್ಯುಟಿ ನೋಡಿಕೊಳ್ಳುವ ಹುಡುಗಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ವಸ್ತುಗಳು ಜಾಗ ಬದಲಿಸದಂತೆ ಕಾಯುವವಳು, ಲೋಟದ ಹೊರಮೈಗೆ ಪೆನ್ನಿನಿಂದ ಚಿಕ್ಕ ಗೆರೆ ಎಳೆದು ಪ್ರತಿ ಟೇಕಿಗೂ ನೀರನ್ನು ಅಷ್ಟಕ್ಕೇ ತುಂಬಿಸಿಡುತ್ತಿದ್ದಳು.

ಮಾತು ಸರಿಯಾಗಿಯೇ ಬಂತು. ತಪ್ಪಿದ್ದು ಲೋಟದಲ್ಲಿ. ಆಫೀಸಿನಿಂದ ಬರಬೇಕು, ಚೀಲ ಎಸೆಯಬೇಕು, ಕೂರಬೇಕು, ಕೂಗಬೇಕು, ಮಾಮ ನೀರು ತಂದಮೇಲೆ ಕುಡಿದು, ಲೋಟವನ್ನು ಕುರ್ಚಿಯ ಕೈಮೇಲೆ ಬಿಟ್ಟು ಎದ್ದು ಒಳಗೆ ಹೋಗಬೇಕು. ಮೊದಲ ಟೇಕಿನಲ್ಲಿ ಅವಳು ಬಂದಳು, ಎಸೆದಳು, ಕೂತಳು, ಕೂಗಿದಳು, ಕುಡಿದಳು. ಎದ್ದವಳು ಲೋಟ ಹಿಡಿದು ನೇರ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನಲ್ಲಿ ಕೈಗೇ ಕಿತ್ತುಬಂತು. ಇಡೀ ಸೆಟ್ಟು ನಕ್ಕಿತು, ಅವಳೂ ನಕ್ಕಳು. ಎರಡನೆಯ ಸಲ ಬಿಡಬೇಕು, ಬಿಡಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೇ ಎದ್ದಳು. ಬಾಗಿಲು ದಾಟಿದ ಮೇಲೆ ನೋಡಿಕೊಂಡರೆ ಲೋಟ ಕೈಯಲ್ಲೇ. ಮೂರನೆಯ ಸಲ ಬಿಟ್ಟಳು, ಆದರೆ ಬಿಟ್ಟ ಲೋಟ ಅಂಚಿನಲ್ಲಿದೆ, ಬಿದ್ದೀತು ಎಂದು ತಿರುಗಿ ಬಂದು ಒಳಕ್ಕೆ ಸರಿಸಿದಳು. "ಅಕ್ಕಾ, ಲೋಟಾನ ಹಡೆದೋರ ಹಾಗೆ ಆಡ್ತೀರಲ್ಲ, ಬಿಟ್ಬಿಡಿ ಅದನ್ನ," ಎಂದ ನಿರ್ದೇಶಕ. ಲೈಟಿನವರು ಒಬ್ಬರ ಬೆನ್ನು ಒಬ್ಬರು ತಟ್ಟಿ ನಕ್ಕರು. ಟ್ರೇ ಅಕ್ಕಂಗೆ ಕೂರೋದು ಬರಲ್ಲ ಕಣ್ರೋ, ಎಂದು ಯಾರೋ ಮೇಲಿನಿಂದ ಹೇಳಿದರು. ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಬೆವರು ಸುರಿಸಿ ಕಲಿತದ್ದೆಲ್ಲ ಒಂದು ಕಡೆ, ಏನೂ ಮಾಡದೆ ಎದ್ದುಹೋಗುವ ವಿದ್ಯೆ ಒಂದು ಕಡೆ. ಆ ವಿದ್ಯೆಯನ್ನು ಹುಟ್ಟಿನಿಂದಲೇ ಬಲ್ಲವರು ಸುತ್ತ ನಿಂತು ನೋಡುತ್ತಿದ್ದರು.

ಕೊನೆಗೊಮ್ಮೆ ಲೋಟ ಬಿಟ್ಟದ್ದು ಸರಿಹೋಯಿತು. ಆದರೆ ಕೂಗಿದ್ದು ಸಾಲದಾಯಿತು. ಇನ್ನೂ ಜೋರಾಗಿ ಅಕ್ಕ, ಮನೆ ಕಿತ್ತುಹೋಗಬೇಕು, ಎಂದ ನಿರ್ದೇಶಕ. ಅವಳು ಕಿರುಚಿದಳು. ಮಾಮ ಟವೆಲ್ ಜಾರಿಸಿಕೊಂಡು, 'ಬಂದೇರೀ' ಎಂದು ರಾಗ ಎಳೆದು, ಬಳುಕುತ್ತಾ ಓಡಿಬಂದು, ಕುರ್ಚಿಯ ಹಿಂದೆ ಅಡಗಿ, ಅಲ್ಲಿಂದಲೇ ಲೋಟ ನೀಡಿದರು. ಸೆಟ್ಟಿನಲ್ಲಿದ್ದ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನ ಮಧ್ಯೆ ಕೂತು ಅವಳಿಗೆ ಥಟ್ಟನೆ ಅನ್ನಿಸಿತು, ಈ ನಗು ನನಗೆ ಗೊತ್ತು. ಲಟ್ಟಣಿಗೆ ಹಿಡಿದ ಹೆಂಡತಿ, ಮಂಚದ ಕೆಳಗೆ ಅವಿತ ಗಂಡ. ಚಿಕ್ಕಂದಿನಿಂದ ಎಷ್ಟು ಸಿನಿಮಾದಲ್ಲಿ ನೋಡಿಲ್ಲ. ಇದರಲ್ಲಿ ಉಲ್ಟಾ ಆದದ್ದು ಏನು? ಲೋಕವನ್ನು ತಲೆಕೆಳಗು ಮಾಡುತ್ತೇವೆಂದು ಹೊರಟು, ಕೊನೆಗೆ ಊರ ಹಳೆಯ ಗಯ್ಯಾಳಿಯ ಮುಂದೆಯೇ ಬಂದು ನಿಂತ ಹಾಗಾಯಿತು. ಇದನ್ನು ನೋಡಿ ಜನ ನಗುತ್ತಾರೆ, ಅಬ್ಬ, ಹೆಂಗಸಿನ ಕೈಗೆ ಯಜಮಾನಿಕೆ ಕೊಟ್ಟರೆ ಹೀಗೆ, ಎಂದು ಮನೆಗೆ ಹೋಗುತ್ತಾರೆ, ಹೋಗಿ ಕುರ್ಚಿಯಲ್ಲಿ ಕೂತು ಕೈ ಚಾಚುತ್ತಾರೆ. ಕೈ. ಅವಳ ಬೆನ್ನು ನೆಟ್ಟಗಾಯಿತು. ಬೆಳಿಗ್ಗೆ ಚೀಲದಲ್ಲಿ ತಡಕಿದ್ದು ಕೈಗೆ ಸಿಕ್ಕ ಹಾಗೆ.

ಊಟಕ್ಕೆ ಬಿಟ್ಟಾಗ ಅವಳು ಏಳಲಿಲ್ಲ. ದೀಪ ಆರಿದ ಸೆಟ್ಟಿನಲ್ಲಿ ಆರಾಮ ಕುರ್ಚಿಯಲ್ಲೇ ಉಳಿದಳು. ಹಲಗೆಯ ಗೋಡೆಯ ಬಿಸಿ ಬಣ್ಣದ ವಾಸನೆ, ಹೊರಗೆ ತಟ್ಟೆಗಳ ಸದ್ದು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂತರೆಂದರೆ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡುವಂತಿರಲಿಲ್ಲ, ಸ್ಪ್ರಿಂಗು ಹಾರಿಹೋಗುತ್ತಿತ್ತು. ಆದ್ದರಿಂದ ಅಪ್ಪ ಕೂಗುತ್ತಿರಲಿಲ್ಲ, ತಿರುಗುತ್ತಲೂ ಇರಲಿಲ್ಲ. ಎಡಗೈ ಮಾತ್ರ ಪಕ್ಕಕ್ಕೆ ಚಾಚಿಕೊಳ್ಳುತ್ತಿತ್ತು. ಅಮ್ಮ ಎಲ್ಲಿದ್ದರೂ ಅದು ಅವಳಿಗೆ ಗೊತ್ತಾಗುತ್ತಿತ್ತು. ಬಟ್ಟೆ ಒಗೆಯುತ್ತಿದ್ದವಳು ಸೋಪಿನ ಕೈ ಒರೆಸಿಕೊಂಡು ಬರುತ್ತಿದ್ದಳು. ಕೈ ನೀರು ಕೇಳುತ್ತಿದೆಯೋ ಚಹಾ ಕೇಳುತ್ತಿದೆಯೋ ಕರವಸ್ತ್ರ ಕೇಳುತ್ತಿದೆಯೋ, ಬೆರಳು ಮಡಿಸಿದ ರೀತಿಯಲ್ಲೇ ತಿಳಿಯುತ್ತಿತ್ತು ಅಮ್ಮನಿಗೆ. ಅವಳಿಗೂ ಬೇಗನೆ ತಿಳಿಯಿತು. ಗಿಡ್ಡ ಫ್ರಾಕಿನ ಹುಡುಗಿ, ಅಮ್ಮನಿಗಿಂತ ಮುಂಚೆ ಓಡಿಹೋಗಿ ಆ ಕೈಗೆ ಲೋಟ ಇಡುವುದೇ ಒಂದು ಆಟ. ಗೆದ್ದಾಗ ಅಮ್ಮ ಬಾಗಿಲಲ್ಲಿ ನಿಂತು, "ನನಗಿಂತ ಚುರುಕು ಕಣೇ ನೀನು," ಎಂದು ನಗುತ್ತಿದ್ದಳು. ಎಂಥ ಬಹುಮಾನ ಅದು. ಕಣ್ಣು ಮಂಜಾಗಿ ಅಪ್ಪ ಅಂಗಡಿ ಮುಚ್ಚಿದರು, ಭೂತಗನ್ನಡಿ ಡಬ್ಬಿ ಸೇರಿತು, ಸ್ಪ್ರಿಂಗುಗಳು ಯಾವುವೂ ಹಾರಿಹೋಗುವ ಭಯವಿರಲಿಲ್ಲ. ಕೈ ಮಾತ್ರ ಚಾಚಿಕೊಳ್ಳುತ್ತಲೇ ಇತ್ತು, ಪತ್ರಿಕೆಯ ಹಿಂದಿನಿಂದ, ಊಟದ ಮೇಜಿನಿಂದ, ಟೀವಿಯ ಮುಂದಿನಿಂದ.

ಅಮ್ಮ ಹಾಸಿಗೆ ಹಿಡಿದಾಗ ಅಪ್ಪ ಪಕ್ಕದಲ್ಲೇ ಕೂತಿರುತ್ತಿದ್ದರು. ಅಮ್ಮನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಡಿಯಾರದ ಮುಳ್ಳು ಮುಟ್ಟುವಷ್ಟು ಹಗುರವಾಗಿ ಒತ್ತುತ್ತಿದ್ದರು. ಯಾರೂ ನೋಡದಾಗ ಅಳುತ್ತಿದ್ದರು. ಒಂದು ಸಂಜೆ ಹಾಗೆ ಒತ್ತಿ ಒತ್ತಿ ದಣಿದು, ಕಣ್ಣು ಮುಚ್ಚಿ ಗೋಡೆಗೆ ಒರಗಿದರು, ಎಡಗೈ ಪಕ್ಕಕ್ಕೆ ಚಾಚಿಕೊಂಡಿತು. ಅಮ್ಮ ನೋಡಿದಳು. ಮಗ್ಗುಲಲ್ಲಿ ಸ್ಟೂಲಿನ ಮೇಲೆ ಅವಳದೇ ನೀರಿನ ಲೋಟವಿತ್ತು. ಅದರ ಕಡೆ ಹೊರಳಲು ಹೋದಳು, ಆಗಲಿಲ್ಲ, ಮತ್ತೆ ಹೋದಳು. ಮಗಳು ಅಲ್ಲೇ ಇದ್ದಳು. ಅವಳು ಮಾಡಿದ್ದು ಇಷ್ಟು: ಲೋಟ ಎತ್ತಿ ಅಮ್ಮನ ಕೈಗೆ ಕೊಟ್ಟಳು, ಅಮ್ಮನ ಕೈಯನ್ನು ಕೆಳಗಿನಿಂದ ಆನಿಸಿ ಹಿಡಿದು, ಅಮ್ಮ ಅದನ್ನು ಅಪ್ಪನ ಕೈಗೆ ಇಡುವಂತೆ ಮಾಡಿದಳು. ಅಪ್ಪ ಕುಡಿದರು, ಕಣ್ಣು ತೆರೆಯಲಿಲ್ಲ. ಅಮ್ಮನ ಮುಖದಲ್ಲಿ ಸಮಾಧಾನ ಕಂಡಿತು, ಅದು ಸುಳ್ಳಲ್ಲ. ಆ ಸಮಾಧಾನಕ್ಕಾಗಿ ಮಾಡಿದೆ ಎಂದು ಅವಳು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಅಪ್ಪಾ, ಕಣ್ಣು ಬಿಡಿ, ಎಂದು ಎರಡು ಮಾತು ಹೇಳಲು ನಾಲಿಗೆಗೆ ಏನಾಗಿತ್ತು? ಕಣ್ಣು ಬಿಟ್ಟಿದ್ದರೆ ಅಪ್ಪ ಗಾಬರಿಯಾಗಿ ತಾವೇ ಎದ್ದು ಅಮ್ಮನಿಗೆ ನೀರು ಕುಡಿಸುತ್ತಿದ್ದರು, ಅವಳಿಗೆ ಖಂಡಿತ ಗೊತ್ತು. ಅವರಿಗೆ ಕಾಣಿಸದಂತೆ ನೋಡಿಕೊಂಡವರು ಯಾರು? ಓಡದ ಗಡಿಯಾರವನ್ನು ನೋಡುತ್ತಾ ಅವಳು ತನ್ನ ಎಡಗೈಯನ್ನು ಕುರ್ಚಿಯಾಚೆ ಚಾಚಿ ನೋಡಿದಳು. ಬೆರಳು ತಾವಾಗಿಯೇ ಅಪ್ಪನ ಹಾಗೆ ಮಡಿಸಿಕೊಂಡವು. ಥಿಯೇಟರಿನಲ್ಲಿ ಕೂತ ನೂರಾರು ಜನರ ಮುಂದೆ ಅಪ್ಪನ ಕೈಯನ್ನು ಇಡುವುದೆಂದರೆ ಅಪ್ಪನನ್ನೇ ಹಿಡಿದುಕೊಟ್ಟ ಹಾಗೆ. ಬೈದವರಲ್ಲ, ಹೊಡೆದವರಲ್ಲ. ಗಯ್ಯಾಳಿಯ ವೇಷಕ್ಕೆ ಯಾರನ್ನೂ ಹಿಡಿದುಕೊಡಬೇಕಾಗಿರಲಿಲ್ಲ. ಅದಕ್ಕೇ ಅದು ಅಷ್ಟು ಸುಲಭ. ಹಾಗೆಂದು ಅರ್ಥವಾದ ಕೂಡಲೇ ಅವಳ ಮನಸ್ಸು ಒಂದು ಕಡೆ ನಿಂತಿತು.

ಊಟ ಮುಗಿಸಿ ಬಂದ ನಿರ್ದೇಶಕನಿಗೆ ಅವಳು ಒಂದು ಟೇಕು ತನ್ನ ರೀತಿಯಲ್ಲಿ ಬೇಕೆಂದು ಕೇಳಿದಳು. ಕೂಗುವುದಿಲ್ಲ, ಬೈಯುವುದಿಲ್ಲ, ಬರೆದ ಮಾತು ಒಂದನ್ನೂ ಆಡುವುದಿಲ್ಲ ಎಂದಳು. ಅವನು ಪೆನ್ನಿನ ಮುಚ್ಚಳವನ್ನು ಬಾಯಿಂದ ತೆಗೆದ.

"ಅಕ್ಕಾ, ಇದು ಕಾಮಿಡಿ. ಜನ ನಗಬೇಕು. ನಗಿಸಿ ನಗಿಸಿ ಒಳಗೆ ಮುಳ್ಳು ಚುಚ್ಚೋದು ನಮ್ಮ ಪ್ಲಾನು."

"ನಾನು ಕೂಗಿದ್ರೆ ಮುಳ್ಳು ನನಗೇ ಚುಚ್ಚುತ್ತಪ್ಪ. ಬೆಳಿಗ್ಗೆ ಎಲ್ಲರೂ ನಕ್ಕರಲ್ಲ, ಯಾರಿಗಾದ್ರೂ ಚುಚ್ಚಿತಾ ಕೇಳಿ ನೋಡು."

"ಯಜಮಾನಿಕೆ ಅಂದ್ಮೇಲೆ ಸ್ವಲ್ಪ ದರ್ಪ ಬೇಡ್ವಾ?"

"ಬೇಡ. ಕೂಗೋರಿಗೆ ಅನುಮಾನ ಇರುತ್ತೆ, ತರ್ತಾರೋ ಇಲ್ವೋ ಅಂತ. ಅನುಮಾನ ಇಲ್ಲದೋರು ಕೂಗಲ್ಲ."

ಅವನು ಅವಳನ್ನೇ ನೋಡಿದ. ಒಂದೇ ಒಂದು, ಅಕ್ಕ, ಸಂಜೆ ಬೆಳಕು ಹೋಗೋದ್ರೊಳಗೆ ಇನ್ನೂ ಎರಡು ಶಾಟ್ ಇದೆ, ಎಂದ. ಮಾಮ ಹಲ್ಲು ಕಡ್ಡಿ ಹಿಡಿದು ಹತ್ತಿರ ಬಂದು, ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದರು.

"ನೀವೇನೂ ಮಾಡ್ಬೇಡಿ ಮಾಮ. ನೀರು ತಂದ್ಕೊಡಿ, ಅಷ್ಟೆ."

"ಏನೂ ಮಾಡ್ಬೇಡಿ ಅಂದ್ರೆ? ಇಷ್ಟು ವರ್ಷದಲ್ಲಿ ಅಂಥ ಕಷ್ಟದ ಪಾತ್ರ ನನಗೆ ಯಾರೂ ಕೊಟ್ಟಿಲ್ಲವಲ್ಲಮ್ಮ," ಎಂದು ಮಾಮ ಗೊಣಗಿಕೊಂಡು, ಟವೆಲ್ಲನ್ನು ಮಾತ್ರ ಬಿಡದೆ ಹೆಗಲಿಗೇರಿಸಿ, ಬಾಗಿಲಾಚೆ ಹೋಗಿ ನಿಂತರು. ಹುಡುಗಿ ಗೆರೆಯವರೆಗೆ ನೀರು ತುಂಬಿಸಿ ಲೋಟವನ್ನು ಅವರಿಗೆ ಕೊಟ್ಟಳು.

ಅವಳು ಒಳಗೆ ಬಂದಳು. ಚೀಲವನ್ನು ಎಸೆಯಲಿಲ್ಲ, ಅದು ಎಲ್ಲಿ ಬಿದ್ದರೂ ಯಾರೋ ಎತ್ತಿಡುತ್ತಾರೆ ಎಂಬ ಹಾಗೆ ಭುಜದಿಂದ ಜಾರಲು ಬಿಟ್ಟಳು. ಕುರ್ಚಿಯಲ್ಲಿ ಕೂತು ಪತ್ರಿಕೆ ತೆರೆದಳು. ನಿಜವಾಗಿಯೂ ಓದಿದಳು, ಎಲ್ಲಿಯೋ ಸೇತುವೆ ಕಟ್ಟುತ್ತಿರುವ ಸುದ್ದಿ. ಎಡಗೈ ಪಕ್ಕಕ್ಕೆ ಚಾಚಿಕೊಂಡಿತು. ಬಾಗಿಲಾಚೆ ಮಾಮ ಅಭ್ಯಾಸಬಲದಿಂದ ಬಳುಕುವುದಕ್ಕೆ ಶುರುಮಾಡಿದ್ದು ನೆಲದ ಹಲಗೆಯ ಸದ್ದಿನಲ್ಲೇ ತಿಳಿಯಿತು. ಕೂಗು ಬಂದರೆ ಬೆಚ್ಚೋಣವೆಂದು ಅವರು ಕಾದರು. ಕೂಗು ಬರಲಿಲ್ಲ. ಅವಳು ಹಾಳೆ ತಿರುವಿದಳು. ಕೈ ಹಿಂದೆ ಬರಲಿಲ್ಲ, ಬೆರಳು ಅಲ್ಲಾಡಲಿಲ್ಲ, ಕತ್ತು ಹೊರಳಲಿಲ್ಲ. ಸೇತುವೆಗೆ ಎಷ್ಟು ಕಂಬಗಳೆಂದು ಓದುತ್ತಿದ್ದಳು. ಆಗ ಹಲಗೆಯ ಸದ್ದು ಬದಲಾಯಿತು. ಬಳುಕು ಬಿಟ್ಟುಹೋಯಿತು. ಮಾಮ ಅವಸರದಲ್ಲಿ ಬಂದರು, ನಿಜವಾದ ಅವಸರ, ತಡವಾಯಿತೆಂಬ ಅವಸರ. ಆ ಅವಸರದಲ್ಲಿ ನೀರು ನೆಲಕ್ಕೆ ಚೆಲ್ಲಿತು. ಎಲ್ಲರೂ ಕಂಡದ್ದೇನೆಂದರೆ, ಮಾಮ ಒಮ್ಮೆ ಅವಳ ಮುಖ ನೋಡಿ, ಅವಳು ಕಂಡಿಲ್ಲವೆಂದು ಖಾತ್ರಿಯಾದ ಮೇಲೆ, ಟವೆಲ್ಲನ್ನು ಮೆಲ್ಲಗೆ ಹೆಗಲಿನಿಂದ ನೆಲಕ್ಕೆ ಜಾರಿಸಿ, ಚೆಲ್ಲಿದ ನೀರನ್ನು ಸದ್ದಾಗದಂತೆ ಕಾಲಿನಿಂದ ಒರೆಸಿದರು. ಒರೆಸುತ್ತಲೇ ಲೋಟವನ್ನು ಕೈಗಿಟ್ಟರು. ಅವಳು ಕುಡಿದಳು. ಖಾಲಿ ಲೋಟವನ್ನು ಕುರ್ಚಿಯ ಕೈಮೇಲೆ, ಅರ್ಧ ಒಳಗೆ, ಅರ್ಧ ಹೊರಗೆ, ಎಲ್ಲಿ ಬಿತ್ತೋ ಅಲ್ಲಿ ಬಿಟ್ಟಳು. ಎದ್ದಳು. ಅಂಗೈ ಖಾಲಿಯಾಗಿತ್ತು, ಎಷ್ಟು ಖಾಲಿಯೆಂದರೆ ಅದು ತನ್ನದಲ್ಲವೆನ್ನಿಸಿತು. ಹಿಂತಿರುಗಿ ನೋಡದೆ ಒಳಗೆ ಹೋದಳು.

ಯಾರೂ ನಗಲಿಲ್ಲ. ಹಲಗೆಯ ಗೋಡೆಯ ಹಿಂದೆ ನಿಂತು, ಸಂದಿಯಿಂದ ನೋಡುತ್ತಾ ಅವಳು ಕಾದಳು. ಆಮೇಲೆ ನಗು ಬಂತು. ಬೆಳಿಗ್ಗೆ ಬಂದ ಕಡೆಯಿಂದಲ್ಲ. ಮೊದಲು ಕಂಟಿನ್ಯುಟಿ ಹುಡುಗಿ, ಬಾಯಿಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಉಕ್ಕಿತು. ಆಮೇಲೆ ಮೇಕಪ್ಪಿನ ಹೆಂಗಸು, ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಅಜ್ಜಿ. ಅಜ್ಜಿಯ ನಗು ನಿಲ್ಲಲೇ ಇಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು, ತಮ್ಮ ಮನೆಯ ಗುಟ್ಟು ಇನ್ನೊಬ್ಬರ ಮನೆಯಲ್ಲೂ ಇದೆಯೆಂದು ಈಗಷ್ಟೇ ತಿಳಿದವರ ಹಾಗೆ. ಲೈಟಿನವರು, ಕ್ಯಾಮೆರಾದವರು, ಗಂಡಸರೆಲ್ಲ ಸುಮ್ಮನೆ ನಿಂತು, ಇದರಲ್ಲಿ ನಗುವುದಕ್ಕೆ ಏನಿದೆ ಎಂದು ಆ ಹೆಂಗಸರ ಕಡೆ ನೋಡಿದರು. ನಿರ್ದೇಶಕ 'ಕಟ್' ಎಂದದ್ದು ಅದೆಷ್ಟೋ ಹೊತ್ತಿನ ಮೇಲೆ.

ಮಾಮನಿಗೆ ಸಿಟ್ಟು ಬಂದಿತ್ತು, ವೇಷದ್ದಲ್ಲ, ನಿಜದ್ದು. ಒದ್ದೆ ಟವೆಲ್ ಹಿಡಿದು ಅವಳ ಮುಂದೆ ಬಂದು ನಿಂತರು. "ನೀವು ಒಂದು ಸಲಾನೂ ನನ್ನ ಕಡೆ ನೋಡ್ಲಿಲ್ಲ. ನಾನೇನು ಮಾಡಿದ್ರೂ ನೋಡ್ಲಿಲ್ಲ. ಎದುರಿಗಿರೋರು ನೋಡದೇ ಇದ್ರೆ ನಾನು ಇದ್ದೀನೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಹೇಳಿದ ಮೇಲೆ ಮಾಮನೇ ತಬ್ಬಿಬ್ಬಾದರು. ಪೊರಕೆಯ ಅಜ್ಜಿ ಮತ್ತೆ ನಕ್ಕಳು. ಮಾಮ ಟವೆಲ್ಲನ್ನು ಹಿಂಡಿ, ಮತ್ತೆ ಹೆಗಲಿಗೆ ಹಾಕಿಕೊಳ್ಳದೆ, ಮಡಿಸಿ ಕೈಯಲ್ಲೇ ಹಿಡಿದುಕೊಂಡರು.

ಎರಡೂ ಇರಲಿ ಅಕ್ಕ, ಎಡಿಟಿಂಗಲ್ಲಿ ನೋಡೋಣ, ಕೂಗಿದ್ದೂ ಒಂದು ಕ್ಲೋಸಪ್ ತಗೊಂಡುಬಿಡ್ತೀನಿ, ಎಂದ ನಿರ್ದೇಶಕ. ದನಿಯಲ್ಲಿ ಮೊದಲಿನ ಧೈರ್ಯವಿರಲಿಲ್ಲ. ಇಷ್ಟು ವರ್ಷ 'ತಗೊಳ್ಳಿ' ಎಂಬ ಒಂದೇ ಮಾತು ಆಡಿದ ಬಾಯಲ್ಲಿ, ಬೇಡ ಎನ್ನುವುದು ಇಷ್ಟು ಹಗುರವಾಗಿ ಬಂದೀತೆಂದು ಅವಳು ತಿಳಿದಿರಲಿಲ್ಲ.

"ಇನ್ನು ಕೂಗಿ ಮಾಡಲ್ಲಪ್ಪ. ಕೂಗೋದೇ ಬೇಕು ಅಂದ್ರೆ ಬೇರೆಯವರನ್ನ ಕರೆಸ್ಕೋ, ನನಗೆ ಬೇಜಾರಿಲ್ಲ. ಟ್ರೇ ಇದ್ದೇ ಇದೆ."

ಬೇಜಾರಿಲ್ಲ ಎಂದದ್ದು ಸುಳ್ಳು. ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಅವನು ಹೆಂಗಸರು ನಿಂತಿದ್ದ ಮೂಲೆಯ ಕಡೆ ನೋಡಿದ, ನಗು ಇನ್ನೂ ಅಲ್ಲಲ್ಲಿ ಉಳಿದಿತ್ತು, ಬೂದಿಯೊಳಗಿನ ಕೆಂಡದ ಹಾಗೆ. ಪೆನ್ನಿನ ಮುಚ್ಚಳವನ್ನು ಜೇಬಿಗೆ ಹಾಕಿದ. ಹುಡುಗಿಯ ಕಡೆ ತಿರುಗಿ, ಕುರ್ಚಿಯ ಕೈಮೇಲೆ ವಾಲಿಕೊಂಡು ನಿಂತ ಲೋಟವನ್ನು ತೋರಿಸಿದ. "ಅದನ್ನ ಯಾರೂ ಮುಟ್ಬೇಡಿ. ಫೋಟೋ ತಗೋ. ಮುಂದಿನ ಶಾಟು ಅಲ್ಲಿಂದಲೇ." ಹುಡುಗಿ ಮೊಣಕಾಲೂರಿ, ಲೋಟವನ್ನು ಮೂರು ಕಡೆಯಿಂದ ಫೋಟೋ ತೆಗೆದಳು. ಅರ್ಧ ಒಳಗೆ, ಅರ್ಧ ಹೊರಗೆ. ಇನ್ನು ಈ ಸಿನಿಮಾ ಮುಗಿಯುವವರೆಗೂ ಅದು ಹಾಗೆಯೇ ಇರಬೇಕು, ಒಂದು ಬೆರಳಿನಷ್ಟೂ ಸರಿಯುವಂತಿಲ್ಲ. ಅವಳ ಕೈ ಅದನ್ನು ಒಳಕ್ಕೆ ಸರಿಸಲು ತುಡಿಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಮನೆಗೆ ಬಂದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಪ್ಪ ಟೀವಿಯ ಮುಂದೆ ಕೂತಿದ್ದರು, ದನಿ ಸಣ್ಣಗೆ ಇಟ್ಟು. ಬಂದ್ಯಾ, ಹೇಗಾಯ್ತು, ಊಟ ಮಾಡಿದ್ಯಾ ಎಂದರು, ಕಣ್ಣು ಟೀವಿಯಲ್ಲೇ. ಆಯ್ತಪ್ಪ, ಎಂದಳು. ಊಟ ಮಾಡಿರಲಿಲ್ಲ, ಅದನ್ನು ಹೇಳಲಿಲ್ಲ. ಅಡುಗೆಮನೆಯ ಕಡೆ ಹೋಗುವ ಕಾಲುಗಳನ್ನು ಹಿಡಿದು ನಿಲ್ಲಿಸಿ, ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಳು. ಅಮ್ಮ ಯಾವತ್ತೂ ಕೂರದ ಕುರ್ಚಿ ಅದು, ಒಣಗಿದ ಬಟ್ಟೆಗಳನ್ನು ರಾಶಿ ಹಾಕುತ್ತಿದ್ದದ್ದು ಅದರ ಮೇಲೆ. ಕದ್ದ ಮಾಲನ್ನು ಮಾರಿ ಬಂದವಳ ಹಾಗೆ ಅವಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪನ ಎಡಗೈ ಪಕ್ಕಕ್ಕೆ ಚಾಚಿಕೊಂಡಿತು. ಹೆಬ್ಬೆರಳಿನ ಉಗುರಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಜಾರಿ ಆದ ಹಳೆಯ ಗೀರು. ಬೆರಳುಗಳು ಈಗೀಗ ಸ್ವಲ್ಪ ಅದುರುತ್ತವೆ. ಆ ಅದುರು ಕಂಡು ಅವಳ ಮೈ ಅರ್ಧ ಎದ್ದೇಬಿಟ್ಟಿತು. ಅರ್ಧ ಎದ್ದವಳು ಮತ್ತೆ ಕೂತಳು. ಕೂತು, ತನ್ನ ಎಡಗೈಯನ್ನು ಅಪ್ಪನ ಕೈಯ ಪಕ್ಕದಲ್ಲೇ, ಅದೇ ಎತ್ತರಕ್ಕೆ, ಅಡುಗೆಮನೆಯ ಕಡೆಗೆ ಚಾಚಿದಳು.

ಟೀವಿಯಲ್ಲಿ ಯಾರೋ ಹವಾಮಾನ ಹೇಳುತ್ತಿದ್ದರು. ಎರಡು ಕೈಗಳು ಹಾಗೆಯೇ ಇದ್ದವು. ಅಪ್ಪ ಮೊದಲು ನೋಡಿದ್ದು ಅಡುಗೆಮನೆಯ ಬಾಗಿಲನ್ನು, ಅಲ್ಲಿ ಯಾರೋ ತಡಮಾಡುತ್ತಿದ್ದಾರೆ ಎಂಬಂತೆ. ಆಮೇಲೆ ಮಗಳ ಕೈಯನ್ನು ನೋಡಿದರು. ಎಲ್ಲ ಸರಿಯಿದ್ದೂ ನಿಂತುಹೋದ ಗಡಿಯಾರವನ್ನು ನೋಡುತ್ತಿದ್ದ ಹಾಗೆ ನೋಡಿದರು.

"ಏನಮ್ಮಾ?"

"ನೀರಪ್ಪ."

"ಯಾರು ತರ್ತಾರೆ?"

ಅವರು ನಿಜವಾಗಿಯೂ ಕೇಳಿದ್ದರು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪನ ಮುಖ ಇದ್ದಕ್ಕಿದ್ದಂತೆ ಅರಳಿತು. "ಓಹೋ, ಸಿನಿಮಾದ್ದಾ?"

"ಹೂಂ ಅಪ್ಪ. ಸಿನಿಮಾದ್ದೇ."

ಆಟವೆಂದರೆ ಅಪ್ಪನಿಗೆ ಖುಷಿ. ನಗುತ್ತಾ, ಕುರ್ಚಿಯ ಕೈ ಹಿಡಿದು ಎದ್ದು, 'ತಂದೇರೀ' ಎಂದು ರಾಗವೆಳೆದು ಒಳಗೆ ಹೋದರು. ದೀಪದ ಸ್ವಿಚ್ಚು ಎರಡು ಸಲ ಬೇರೆಯದು ಒತ್ತಿದ ಸದ್ದು ಬಂತು. ಒಂದು ಕಪಾಟು ತೆರೆಯಿತು, ಡಬ್ಬಿಗಳು ಅಲ್ಲಾಡಿದವು, ಮುಚ್ಚಿತು. ಇನ್ನೊಂದು ತೆರೆಯಿತು. "ಲೋಟ ಎಲ್ಲಿಡ್ತೀರಿ?" ಎಂದು ಕೇಳಿದ ದನಿಯಲ್ಲಿ ನಗು ಇನ್ನೂ ಇತ್ತು. ಮತ್ತೊಂದು ಕಪಾಟು. ತಟ್ಟೆಗಳು ಒಂದಕ್ಕೊಂದು ತಗುಲಿದವು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ. ಮತ್ತೆ ಕೇಳಿದಾಗ ದನಿ ಬೇರೆಯಾಗಿತ್ತು, ಅಡುಗೆಮನೆಯ ನಡುವೆ ನಿಂತು ಯಾರನ್ನೋ ಮೊದಲ ಸಲ ಹುಡುಕುತ್ತಿರುವವರ ದನಿ. "ಅಮ್ಮ ಎಲ್ಲಿಡ್ತಿದ್ಲು?"

ಮೇಲಿನ ಕಪಾಟು, ಮೂಲೆ. ಮಾತು ತುಟಿಯವರೆಗೆ ಬಂದಿತ್ತು. ಕಾಲುಗಳು ಹೊರಟಿದ್ದವು. ಒಂದು ಪಾದವನ್ನು ಇನ್ನೊಂದು ಪಾದದಿಂದ ಒತ್ತಿ ಹಿಡಿದಳು.

"ಹುಡುಕಿ ಅಪ್ಪ," ಎಂದಳು. "ನಾನು ಇಲ್ಲೇ ಕೂತಿದೀನಿ."

ಚಾಚಿದ ಕೈ ನೋಯತೊಡಗಿತ್ತು. ಮೊದಲು ಭುಜ, ಆಮೇಲೆ ಮೊಣಕೈ. ಹೀಗೆ ಚಾಚಿದ ಕೈ ನೋಯುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿದ್ದಿರಲಾರದು. ನೋಯುವಷ್ಟು ಹೊತ್ತು ಆ ಕೈಯನ್ನು ಈ ಮನೆಯಲ್ಲಿ ಯಾರೂ ಯಾವತ್ತೂ ಕಾಯಿಸಿರಲಿಲ್ಲ. ಅವಳು ಮೊಣಕೈಗೆ ಬಲಗೈಯನ್ನು ಆಸರೆ ಕೊಟ್ಟು ಅದನ್ನು ಹಾಗೆಯೇ ಹಿಡಿದಳು. ಒಳಗೆ ಇನ್ನೊಂದು ಕಪಾಟಿನ ಬಾಗಿಲು ತೆರೆಯಿತು.